ಹದಿನೆಂಟು ಲ್ಯಾಪ್‌ಟಾಪ್‌ಗೆ ಒಂದೇ ನಂಬರ್

ಆಯುಧ ಪೂಜೆ ಆದ ಮೇಲಿನ ಒಂದು ವಾರ ನನ್ನ ಅಂಗಡಿಗೆ ಬರುವ ಲ್ಯಾಪ್‌ಟಾಪ್‌ಗಳನ್ನು ನೀವು ನೋಡಬೇಕು. ಕೀಬೋರ್ಡಿನ ಸಂದಿಯಲ್ಲಿ ಕುಂಕುಮ, ಚಾರ್ಜರ್ ಚುಚ್ಚುವ ತೂತಿನಲ್ಲಿ ಗಂಧ, ಸ್ಕ್ರೀನಿನ ಮೇಲೆ ಮೂರು ಬೆರಳಿನ ವಿಭೂತಿ. ಶಿವಮೊಗ್ಗದ ವಿದ್ಯಾನಗರದಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೇನೆ. ಪ್ರತಿ ವರ್ಷ ಬೈಯುತ್ತೇನೆ, ಪ್ರತಿ ವರ್ಷ ತರುತ್ತಾರೆ. "ಅಕ್ಕಾ, ಪೂಜೆ ಮಾಡದೇ ಇರೋಕಾಗುತ್ತಾ?" ಅಂತ ನನ್ನನ್ನೇ ಕೇಳುತ್ತಾರೆ. ಪೂಜೆ ಮಾಡ್ರಪ್ಪಾ, ಬೇಡ ಅಂದೋರ್ಯಾರು? ಅಭಿಷೇಕ ಯಾಕೆ ಮಾಡ್ತೀರಿ?

ಈ ಸಲ ಒಬ್ಬರು ತಂದ ಮಿಷನ್ನನ್ನು ಚೀಲದಿಂದ ತೆಗೆದರೆ ಕೊಬ್ಬರಿ ಎಣ್ಣೆಯ ವಾಸನೆ. ಹಳೇ ಸ್ಟಿಕ್ಕರಿನ ಅಂಟು ಹೋಗಲಿ ಅಂತ ತಳಕ್ಕೆ ಎಣ್ಣೆ ಹಚ್ಚಿ ಉಜ್ಜಿದ್ದರಂತೆ. ಪ್ಲಾಸ್ಟಿಕ್ಕು, ಕರ್ಪೂರ, ಕೊಬ್ಬರಿ ಎಣ್ಣೆ ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಆ ವರ್ಷ ನೆನಪಾಗಿ ನನಗೆ ಮೈಯೆಲ್ಲ ಉರಿಯಿತು. ಪಾಪ, ಆ ಗಿರಾಕಿ ಏನು ತಪ್ಪು ಮಾಡಿದ್ದರು? "ನಾಳೆ ಬನ್ನಿ, ಇವತ್ತು ಆಗಲ್ಲ" ಅಂತ ಮುಖ ಸಿಂಡರಿಸಿ ಕಳಿಸಿಬಿಟ್ಟೆ.

ಅದು ಮೂರು ವರ್ಷದ ಹಿಂದಿನ ಮಾತು. ಜೂನ್ ತಿಂಗಳ ಕೊನೆಯಲ್ಲಿ ರೇಣುಕಾ ಅನ್ನುವವರು ಬಟ್ಟೆಚೀಲದಲ್ಲಿ ಒಂದು ಕಪ್ಪು ಬಣ್ಣದ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಅಂಗಡಿಗೆ ಬಂದರು. ಮೂವತ್ತೈದರ ಆಸುಪಾಸು, ಮೆಲ್ಲಗೆ ಮಾತಾಡುವ ಹೆಂಗಸು, ಊರು ಆಯನೂರು. ದಿನಾ ಆಯನೂರಿನಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಇಲ್ಲಿಂದ ಭದ್ರಾವತಿಗೆ ಇನ್ನೊಂದು ಬಸ್ಸು. ಅಲ್ಲಿ ಕಾರ್ಖಾನೆ ಕ್ವಾರ್ಟರ್ಸ್ ಪಕ್ಕದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಕಾಯಂ ಕೆಲಸವಲ್ಲ, ವರ್ಷಾ ವರ್ಷಾ ಮುಂದುವರಿಸುವ ಅತಿಥಿ ಶಿಕ್ಷಕಿ.

"ಇಂಥವು ಹದಿನೆಂಟಿವೆ ಮೇಡಂ. ಬೆಂಗಳೂರಿನ ಒಂದು ಕಂಪನಿಯೋರು ಸ್ಕೂಲಿಗೆ ದಾನ ಕೊಟ್ಟಿದಾರೆ. ಒಂದೂ ಓಪನ್ ಆಗ್ತಿಲ್ಲ," ಅಂದರು.

ಆನ್ ಮಾಡಿ ನೋಡಿದೆ. ಮಿಷನ್ ಮಾಡಿದವರ ಹೆಸರು ದೊಡ್ಡದಾಗಿ ಬಂತು, ಕೆಳಗೆ ಒಂದು ಬೀಗದ ಗುರುತು, ಪಾಸ್‌ವರ್ಡ್ ಕೇಳುವ ಚೌಕ. ಮೂರು ಸಲ ತಪ್ಪು ಹೊಡೆದರೆ ಕುಂಯ್ ಅಂತ ಕೂಗಿ ಆಫ್. ದಾನ ಕೊಡುವ ಮೊದಲು ಹಾರ್ಡ್ ಡಿಸ್ಕ್ ಕಿತ್ತಿಟ್ಟುಕೊಂಡಿದ್ದರು, ಅದು ಸರಿ, ಅವರ ಕಾಗದಪತ್ರ ಅವರದ್ದು. ಆದರೆ ಈ ಪಾಸ್‌ವರ್ಡ್ ಇರುವುದು ಡಿಸ್ಕಿನಲ್ಲಿ ಅಲ್ಲ. ಸ್ವಿಚ್ ಒತ್ತಿದ ಕೂಡಲೇ, ಮಿಕ್ಕ ಏನೂ ಏಳುವ ಮೊದಲು, ಒಳಗೆ ಒಂದು ಪುಟ್ಟ ಪ್ರೋಗ್ರಾಮು ಏಳುತ್ತದೆ. ಉಗುರಿನಷ್ಟು ದೊಡ್ಡ ಚಿಪ್ಪಿನಲ್ಲಿ ಅದನ್ನು ಬರೆದಿಟ್ಟಿರುತ್ತಾರೆ. ಕೀಬೋರ್ಡನ್ನು, ಸ್ಕ್ರೀನನ್ನು, ಡಿಸ್ಕನ್ನು ಎಬ್ಬಿಸುವ ಯಜಮಾನ ಅದೇ. ಫರ್ಮ್‌ವೇರ್ ಅನ್ನುತ್ತಾರೆ. ಅದು ಬಾಗಿಲು ಹಾಕಿಕೊಂಡು ಕೂತರೆ ನೀವು ಹೊಸ ಡಿಸ್ಕ್ ಹಾಕಿ, ಏನೇ ಹಾಕಿ, ಒಳಗೆ ಬಿಡುವುದಿಲ್ಲ.

"ಪಾಸ್‌ವರ್ಡ್ ಕೇಳಿ ಆ ಕಂಪನಿಯೋರನ್ನೇ," ಅಂದೆ.

ಕೇಳಿದ್ದರು. ಒಂದಲ್ಲ, ಆರು ಮೇಲ್. ಪ್ರತಿ ಸಲ ಒಂದು ಟಿಕೆಟ್ ನಂಬರ್ ಬರೋದು, ನಾಲ್ಕು ದಿನ ಬಿಟ್ಟು ಟಿಕೆಟ್ ಕ್ಲೋಸ್ ಆಗಿದೆ ಅಂತ ಇನ್ನೊಂದು ಮೇಲ್ ಬರೋದು. ಕೊನೆಗೆ ನಾನೇ ಫೋನ್ ಮಾಡಿದೆ. ಪಾಸ್‌ವರ್ಡ್ ಇಟ್ಟವರು ಕೆಲಸ ಬಿಟ್ಟು ಹೋಗಿದ್ದಾರೆ, ಬರೆದಿಟ್ಟಿಲ್ಲ, ನಮ್ಮ ಸೇವೆಗೆ ಎಷ್ಟು ಅಂಕ ಕೊಡ್ತೀರಿ ಅಂತ ಕೇಳಿದರು. ಕೊಟ್ಟ ಅಂಕ ಇಲ್ಲಿ ಬರೆಯೋ ಹಾಗಿಲ್ಲ.

ಬರೀ ಮಿಷನ್ನಿನ ಮಾತಾಗಿದ್ದರೆ ಗುಜರಿಗೆ ಹಾಕಿ ಅನ್ನುತ್ತಿದ್ದೆ. ಆದರೆ ದಾನದ ಪತ್ರದಲ್ಲಿ ಇನ್ನೊಂದು ವಿಷಯ ಇತ್ತು. ನವೆಂಬರಿನಲ್ಲಿ ಕಂಪನಿಯ ಅಧಿಕಾರಿ ಬಂದು ನೋಡುತ್ತಾರೆ, ಹದಿನೆಂಟೂ ಮಕ್ಕಳ ಕೈಯಲ್ಲಿ ಓಡುತ್ತಿದ್ದರೆ ಮುಂದಿನ ಮೂರು ವರ್ಷ ಕಂಪ್ಯೂಟರ್ ಶಿಕ್ಷಕಿಯ ಸಂಬಳ ಅವರೇ ಕೊಡುತ್ತಾರೆ. ಶಾಲೆಯ ಆಡಳಿತ ಮಂಡಳಿ ದುಡ್ಡಿಲ್ಲ ಅಂತ ಆಗಲೇ ಕೈ ಎತ್ತಿತ್ತು. ಅಂದರೆ ಆ ಹದಿನೆಂಟು ಡಬ್ಬ ಎದ್ದರೆ ರೇಣುಕಾ ಅವರ ಕೆಲಸ ಉಳಿಯಿತು, ಇಲ್ಲದಿದ್ದರೆ ಹೋಯಿತು. ಅದೇ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಯಂತ್ರಗಳ ಒಳಭಾಗ ಬದಲಾಯಿಸಿದ್ದು ಕಂಡುಬಂದರೆ ಎಲ್ಲವನ್ನೂ ವಾಪಸ್ ಒಯ್ಯಲಾಗುವುದು.

"ಈಗ ಏನ್ ಮಾಡೋದು ಮೇಡಂ?" ಅಂತ ಅವರು ಕೇಳಿದಾಗ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಆ ಚಿಪ್ಪಿನೊಳಗಿನ ಹಳೇ ಫರ್ಮ್‌ವೇರನ್ನು ಅಳಿಸಿ, ಅದರ ಜಾಗದಲ್ಲಿ ಓಪನ್ ಸೋರ್ಸ್ ಫರ್ಮ್‌ವೇರ್ ಬರೆಯಬಹುದು ಅಂತ ಓದಿದ್ದೆ. ಜಗತ್ತಿನ ಯಾರ್ಯಾರೋ ಸೇರಿ ಬರೆದದ್ದು, ಪ್ರತಿ ಸಾಲನ್ನೂ ಬಿಚ್ಚಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದಕ್ಕೆ ಈ ಹಳೇ ಪಾಸ್‌ವರ್ಡಿನ ಗೊಡವೆಯೇ ಇಲ್ಲ. ಈ ಮಾಡೆಲ್ ಅದರ ಪಟ್ಟಿಯಲ್ಲಿ ಇತ್ತು. ನಾನು ಓದಿದ್ದೆ ಅಷ್ಟೇ, ಯಾವತ್ತೂ ಮಾಡಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ.

"ಚಿಪ್ ಬದಲಾಯಿಸಲ್ಲ, ಅದರೊಳಗಿನ ಬರಹ ಮಾತ್ರ. ಒಳಭಾಗ ಬದಲಾಯಿಸಿದ ಹಾಗೆ ಆಗಲ್ಲ," ಅಂದೆ. ಶಾಲೆಗೆ ಹೋಗಿ ಹೇಳಿದಾಗ ಹೆಡ್ಮಾಸ್ತರೂ ತಲೆ ಆಡಿಸಿ, ಖಾಲಿ ಇದ್ದ ಡಿಸ್ಕಿನ ಜಾಗಕ್ಕೆ ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಡಿಸಲು ಒಪ್ಪಿದರು. ಪತ್ರ ಬರೆದವರು ಹಾಗೆ ಅಂದುಕೊಳ್ಳುತ್ತಾರೋ ಇಲ್ಲವೋ ಅಂತ ನಾವು ಮೂವರೂ ಜಾಸ್ತಿ ಯೋಚಿಸಲು ಹೋಗಲಿಲ್ಲ.

ಜುಲೈನಿಂದ ಪ್ರತಿ ಭಾನುವಾರ ಭದ್ರಾವತಿ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ರೇಣುಕಾ ನನಗೆ ಸೀಟು ಹಿಡಿದಿರುತ್ತಿದ್ದರು. ಆ ವರ್ಷ ಮಳೆ ಸುರಿದು ಹೋಗುವ ಮಳೆಯಲ್ಲ, ಪಿರಿಪಿರಿ ಅಂತ ದಿನವಿಡೀ ಜೀವ ತಿನ್ನುವ ಮಳೆ. ಬಟ್ಟೆ ಒಣಗದು, ಸ್ಕ್ರೂ ಡ್ರೈವರಿನ ಹಿಡಿ ಜಾರುವುದು. ಶಾಲೆಯ ಆ ಕೋಣೆಯಲ್ಲಿ ಬೆಂಚು ಜೋಡಿಸಿ, ಮೇಲೆ ಒಂದು ಬೆಡ್‌ಶೀಟ್ ಹಾಸಿ, ಮೊದಲನೇ ಮಿಷನ್ ಬಿಚ್ಚಿದೆ. ಕೀಬೋರ್ಡ್ ಎತ್ತಬೇಕು, ಅದರ ಕೆಳಗಿನ ಹೊದಿಕೆ ಎತ್ತಬೇಕು, ಆಗ ಬೋರ್ಡಿನ ಮೂಲೆಯಲ್ಲಿ ಎಂಟು ಕಾಲಿನ ಚಿಪ್ಪು ಕಾಣುತ್ತದೆ. ಅದಕ್ಕೆ ಬಟ್ಟೆ ಕ್ಲಿಪ್ಪಿನಂಥ ಒಂದು ಕ್ಲಿಪ್ ಕಚ್ಚಿಸಿ, ವೈರಿನ ಇನ್ನೊಂದು ತುದಿಯನ್ನು ನನ್ನ ಲ್ಯಾಪ್‌ಟಾಪಿಗೆ ಸೇರಿಸಿದರೆ, ಚಿಪ್ಪಿನಲ್ಲಿ ಇರುವುದನ್ನು ಓದಬಹುದು, ಬರೆಯಬಹುದು.

ಬರೆಯುವ ಮೊದಲು ಹಳೆಯದರ ನಕಲು ತೆಗೆದಿಡಬೇಕು. ಎರಡು ಸಲ ಓದಬೇಕು, ಎರಡೂ ಒಂದೇ ಥರ ಇದ್ದರೆ ಮಾತ್ರ ಮುಂದೆ ಹೋಗಬೇಕು. ನನಗೆ ಎರಡಲ್ಲ, ಇಪ್ಪತ್ತು ಸಲ ಓದಿದರೂ ಒಂದರ ಹಾಗೆ ಒಂದು ಬರಲಿಲ್ಲ. ಕ್ಲಿಪ್ ತೆಗೆದು ಹಾಕು, ಚಿಪ್ಪಿನ ಕಾಲು ಒರೆಸು, ಮತ್ತೆ ಓದು. ಮೂರು ಭಾನುವಾರ ಹೀಗೇ ಹಾಳಾಯಿತು. ಮೂರನೇ ವಾರ ಸಿಟ್ಟಿಗೆ ಕ್ಲಿಪ್ಪನ್ನು ಗೋಡೆಗೆ ಎಸೆದೆ. ಅದು ಹೋಗಿ ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕರ ಕಾಲ ಬಳಿ ಬಿತ್ತು.

ಅವರೇ ಸೆಲ್ವರಾಜ್ ಮೇಸ್ತ್ರಿ. ಶಾಲೆಯ ಹಿಂದಿನ ಕ್ವಾರ್ಟರ್ಸಿನವರು. ಕಾರ್ಖಾನೆಯಲ್ಲಿ ಉಷ್ಣ, ಒತ್ತಡ ಅಳೆಯುವ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದ ವಿಭಾಗದಲ್ಲಿ ಇದ್ದು ನಿವೃತ್ತರಾದವರು. ಎಪ್ಪತ್ತು ದಾಟಿದೆ, ಮನೆಮಾತು ತಮಿಳು, ಭಾನುವಾರ ಶಾಲೆಯಲ್ಲಿ ದೀಪ ಉರಿಯುತ್ತಿದೆಯಲ್ಲ ಅಂತ ನೋಡಲು ಬಂದಿದ್ದರಂತೆ. ಕ್ಲಿಪ್ ಎತ್ತಿ ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ಏನಮ್ಮಾ, ಇಷ್ಟು ಉದ್ದ ವೈರು ಯಾಕೆ? ಬಟ್ಟೆ ಒಣಗಿಸ್ತೀಯಾ?"

ಅಷ್ಟೇ. ಗೇಣುದ್ದ ಇದ್ದ ವೈರುಗಳನ್ನು ನಾಲ್ಕು ಬೆರಳಿಗೆ ಕತ್ತರಿಸಿ, ಮನೆಯಿಂದ ಸೋಲ್ಡರಿಂಗ್ ಕಡ್ಡಿ ತಂದು ಬೆಸುಗೆ ಹಾಕಿ ಕೊಟ್ಟರು. ಮೊದಲ ಎರಡು ಓದೂ ಒಂದೇ ಥರ ಬಂದವು. ಮೂರು ಭಾನುವಾರ, ಅಯ್ಯೋ ಶಿವನೇ, ಮೂರು ಭಾನುವಾರ ನಾನು ಉದ್ದ ವೈರಿಗೆ ಕೊಟ್ಟಿದ್ದೆ.

ನಾವು ಮಾಡುತ್ತಿರುವುದು ಏನು ಅಂತ ರೇಣುಕಾ ಮೇಸ್ತ್ರಿಗೆ ವಿವರಿಸಿದಾಗ ಅವರ ಮುಖ ಕೆಂಪಾಯಿತು. ಅವರ ಕಾಲದಲ್ಲಿ ಹೊರಗಿನಿಂದ ತರಿಸಿದ ಕೆಲವು ಮೀಟರುಗಳಿಗೆ ಸೀಸದ ಮುದ್ರೆ ಹಾಕಿರುತ್ತಿದ್ದರಂತೆ. ಮಾಡಿದವರ ಕಡೆಯ ಆಳು ಬಂದೇ ಬಿಚ್ಚಬೇಕು, ಅಲ್ಲಿವರೆಗೆ ಕುಲುಮೆ ಎದುರು ಇವರು ಕೈ ಕಟ್ಟಿ ಕೂರಬೇಕು. "ಮಿಷನ್ ನಮ್ದು, ಬೀಗ ಅವರ್ದು. ಬಿಡಮ್ಮಾ, ಒಡೀ ಇದನ್ನ," ಅಂದರು. ಅವತ್ತಿನಿಂದ ಪ್ರತಿ ಭಾನುವಾರ ನಮಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿರುತ್ತಿದ್ದರು.

ಆದರೆ ಅವರದ್ದು ಒಂದು ಹಟ. ಏನೇ ಬಿಚ್ಚುವ ಮೊದಲು ಅದರ ನಂಬರ್ ಬರೆಯಬೇಕು. ಹಾಳೆಯ ಮೇಲೆ ಬರೆದರೆ ಸಾಲದು. ಅವರ ವಿಭಾಗದಲ್ಲಿ ಮೀಟರಿನ ಒಳಮೈಗೇ ನಂಬರ್ ಕೊರೆಯುತ್ತಿದ್ದರಂತೆ. "ಹೊರಗಿನ ಚೀಟಿ ಹೋಗುತ್ತೆ, ಒಳಗಿನದು ಹೋಗಲ್ಲ. ನಿನ್ನ ಈ ಹೊಸ ಬರಹದಲ್ಲಿ ನಂಬರ್ ಹಾಕೋ ಜಾಗ ಇಲ್ವಾ?" ಅಂತ ಕೇಳಿದರು.

ಇತ್ತು. ಪ್ರತಿ ಮಿಷನ್ನಿಗೂ ಅದರ ತಳದ ಸ್ಟಿಕ್ಕರಿನಲ್ಲಿ ಇರುವ ಸೀರಿಯಲ್ ನಂಬರನ್ನು ಹೊಸ ಫರ್ಮ್‌ವೇರಿನ ಒಳಗೇ ತುಂಬಬಹುದು. ತುಂಬದಿದ್ದರೆ ಅದನ್ನು ಮಾಡಿದವರು ಇಟ್ಟ ಸುಮ್ಮನೆ ಒಂದು ನಂಬರ್ ಇರುತ್ತದೆ: ಒಂದರಿಂದ ಒಂಬತ್ತರವರೆಗಿನ ಅಂಕಿ, ಸಾಲಾಗಿ. ಆದರೆ ಒಂದೊಂದಕ್ಕೆ ಬೇರೆ ಬೇರೆ ತುಂಬಿದರೆ ಒಂದೊಂದಕ್ಕೂ ಬೇರೆ ಫೈಲ್ ತಯಾರಿಸಬೇಕು, ಪ್ರತಿ ಸಲ ಅರ್ಧ ಗಂಟೆ. ಒಂದೇ ಫೈಲ್ ಮಾಡಿ ಹದಿನೆಂಟಕ್ಕೂ ಬರೆದರೆ ಮುಗಿಯಿತು.

"ಅದೆಲ್ಲ ಆಮೇಲೆ ನೋಡೋಣ ಮೇಸ್ತ್ರಿ. ತಳದಲ್ಲಿ ಸ್ಟಿಕ್ಕರ್ ಇದ್ಯಲ್ಲ," ಅಂದೆ. ಅದರ ಪಕ್ಕದಲ್ಲಿ ಒಂದರಿಂದ ಹದಿನೆಂಟರವರೆಗೆ ಬರೆದ ಬಿಳಿ ಟೇಪಿನ ತುಂಡು ಅಂಟಿಸಿ, ಹಳೇ ನಕಲಿನ ಫೈಲುಗಳಿಗೂ ಅದೇ ನಂಬರಿನ ಹೆಸರು ಇಟ್ಟೆ. ನನ್ನ ಮಟ್ಟಿಗೆ ಅಷ್ಟು ಸಾಕಾಗಿತ್ತು.

ಮೊದಲನೆಯದು ಎದ್ದ ದಿನ ಆಗಸ್ಟಿನ ಒಂದು ಭಾನುವಾರ, ಊಟದ ಹೊತ್ತು. ಕಂಪನಿಯ ಹೆಸರಿಲ್ಲ, ಬೀಗವಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸಾಲುಸಾಲಾಗಿ ಓಡಿ, ನೇರ, ವಿಂಡೋಸ್ ಬದಲಿಗೆ ಬಿಟ್ಟಿ ಸಿಗುವ ಲಿನಕ್ಸ್ ಹಾಕುವ ಪುಟಕ್ಕೆ ಬಂದು ನಿಂತಿತು. ರೇಣುಕಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ನೋಡಿದರು. ಮೇಸ್ತ್ರಿ ಆ ಬಿಳಿ ಅಕ್ಷರಗಳನ್ನು ಬೆರಳಿಟ್ಟು ಓದಲು ನೋಡಿದರು. ನಾನು ಕಿರುಚಿದೆ ಅಂತ ಕಾಣುತ್ತದೆ, ಪಕ್ಕದ ಮನೆಯಿಂದ ಯಾರೋ ಬಂದು ಏನಾಯ್ತು ಅಂತ ಕೇಳಿದರು.

ಖುಷಿ ಅಂದರೆ ಆ ಇಡೀ ವರ್ಷಕ್ಕೆ ಅದೊಂದೇ. ಮಿಕ್ಕಿದ್ದೆಲ್ಲ ಬರೀ ಕರ್ಮ. ಸ್ಕ್ರೂ ಒಂದಕ್ಕೊಂದು ಉದ್ದ ಬೇರೆ, ತಪ್ಪು ತೂತಿಗೆ ಹಾಕಿದರೆ ಬೋರ್ಡ್ ಚುಚ್ಚುತ್ತದೆ. ಕರೆಂಟು ಮನಸ್ಸಿಗೆ ಬಂದಾಗ ಇರೋದು. ಊರಿನವರ ಲ್ಯಾಪ್‌ಟಾಪ್ ಎಲ್ಲ ರಿಪೇರಿ ಮಾಡುವ ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. ಏಳನೆಯದಕ್ಕೆ ಬರೆಯುತ್ತಿರುವಾಗ ಅರ್ಧದಲ್ಲಿ ಕರೆಂಟು ಹೋಯಿತು, ನನ್ನದೂ ಆಫ್ ಆಯಿತು, ಅದು ಕಲ್ಲಾಯಿತು. ಮುಂದಿನ ವಾರ ಮತ್ತೆ ಬಿಚ್ಚಿ, ಮತ್ತೆ ಬರೆದು ಎಬ್ಬಿಸಿದೆ. ಹನ್ನೊಂದನೆಯದರ ಕೀಬೋರ್ಡ್ ಪಟ್ಟಿ ನನ್ನ ಕೈಯಲ್ಲೇ ಹರಿಯಿತು. ಬೇರೆ ಹುಡುಕಿ ತರಿಸುವ ಹೊತ್ತಿಗೆ ಗಣೇಶ ಹಬ್ಬ ಬಂದು ಹೋಯಿತು.

ರೇಣುಕಾ ಮಾತ್ರ ಒಂದು ದಿನವೂ ಗೊಣಗಲಿಲ್ಲ. ಎಲ್ಲ ನೋಡಿಕೊಂಡು, ಬರೆದುಕೊಂಡು, ಹದಿನಾಲ್ಕನೆಯದನ್ನು ಅವರೇ ಬಿಚ್ಚಿ ಅವರೇ ಬರೆದರು. ನನಗಿಂತ ನಾಜೂಕು ಕೈ. ವಾಪಸ್ ಬಸ್ಸಿನಲ್ಲಿ ಒಮ್ಮೆ, "ಈ ಕೆಲಸ ಉಳಿದ್ರೆ ಮಕ್ಕಳಿಗೂ ಇದನ್ನ ಹೇಳ್ಕೊಡ್ತೀನಿ ಮೇಡಂ. ಸ್ವಿಚ್ ಒತ್ತಿದ ತಕ್ಷಣ ಒಳಗೆ ಏನಾಗುತ್ತೆ ಅಂತ ನನಗೇ ಇಷ್ಟು ವರ್ಷ ಗೊತ್ತಿರ್ಲಿಲ್ಲ," ಅಂದರು. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಹದಿನೆಂಟೂ ಎದ್ದಿದ್ದವು. ನವೆಂಬರಿಗೆ ಇನ್ನೂ ಸಮಯ ಇತ್ತು. ಮಳೆ ಬಿಟ್ಟು ಬಿಸಿಲು ಬಂದಿತ್ತು, ಎರಡು ಭಾನುವಾರ ರಜ ತೆಗೆದುಕೊಂಡು ನಾನು ಮನೆಯಲ್ಲಿ ಕಾಲು ಚಾಚಿ ಮಲಗಿದೆ.

ಆ ಎರಡು ವಾರದ ನಡುವೆ ಆಯುಧ ಪೂಜೆ ಬಂತು.

ಹಬ್ಬ ಮುಗಿದ ಮೇಲೆ ಹೋದರೆ ಕೋಣೆಯ ಬಾಗಿಲಿಗೆ ಮಾವಿನ ತೋರಣ, ಒಳಗೆ ಚೆಂಡು ಹೂವು, ಹದಿನೆಂಟು ಮಿಷನ್ನೂ ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಕೊಬ್ಬರಿ ಎಣ್ಣೆಯ ವಾಸನೆ. "ಒಂಬತ್ತನೇ ಕ್ಲಾಸಿನ ಹುಡುಗೀರು, ನಾನು ಸೇರಿ ಎಲ್ಲ ತೊಳೆದ್ವಿ ಮೇಡಂ. ತಳದಲ್ಲಿ ಹಳೇ ಸ್ಟಿಕ್ಕರು, ಅಂಟು, ಕೊಳೆ ಎಷ್ಟಿತ್ತು ಅಂತೀರಾ! ಪೂಜೆಗೆ ಹಂಗೇ ಇಡೋಕೆ ಮನಸ್ಸಾಗ್ಲಿಲ್ಲ. ಎಣ್ಣೆ ಹಚ್ಚಿ ಒಂದೂ ಬಿಡದ ಹಾಗೆ ತೆಗೆದ್ವಿ," ಅಂದರು. ಮುಖದ ತುಂಬ ನಗು.

ನಾನು ಒಂದನ್ನು ಎತ್ತಿ ತಿರುಗಿಸಿದೆ. ಕಂಪನಿಯ ಸ್ಟಿಕ್ಕರ್ ಇಲ್ಲ, ನನ್ನ ಟೇಪೂ ಇಲ್ಲ. ಇನ್ನೊಂದು, ಮತ್ತೊಂದು. ಹದಿನೆಂಟೂ ಬೋಳು. ನನ್ನ ಹತ್ತಿರ ಹದಿನೆಂಟು ಹಳೇ ನಕಲು ಇದ್ದವು, ಅವುಗಳ ಒಳಗೆ ಹದಿನೆಂಟು ಸೀರಿಯಲ್ ನಂಬರ್ ಇದ್ದವು. ಯಾವುದು ಯಾವ ಮಿಷನ್ನಿನದು ಅಂತ ಹೇಳುವ ಗುರುತು ಒಂದೂ ಉಳಿದಿರಲಿಲ್ಲ. ನವೆಂಬರಿನಲ್ಲಿ ಬರುವ ಅಧಿಕಾರಿ ನಂಬರ್ ತಾಳೆ ನೋಡದೆ ಹೋಗುತ್ತಾನೆಯೇ?

ಪಿತ್ತ ನೆತ್ತಿಗೇರಿತು. ಅಲ್ಲೇ ನಿಂತಿದ್ದ ಆ ಹುಡುಗಿಯರ ಎದುರಿಗೇ ಬಾಯಿಗೆ ಬಂದ ಹಾಗೆ ಬೈದೆ. "ಟೀಚರ್ ಆಗಿ ಅಷ್ಟೂ ತಲೆ ಬೇಡ್ವಾ? ಪಾತ್ರೆ ಅಂದ್ಕೊಂಡ್ರಾ ತಿಕ್ಕಿ ತೊಳೆಯೋಕೆ? ನಾಲ್ಕು ತಿಂಗಳು ನಾನಿಲ್ಲಿ ಜೀವ ತೇದಿದ್ದು ನಿಮ್ಮ ಕೆಲಸ ಉಳೀಲಿ ಅಂತ. ನೀವೇ ಹಳ್ಳ ತೋಡ್ಕೊಂಡ್ರಲ್ಲ!" ರೇಣುಕಾ ಅವರ ನಗು ಹೋಗಿ ಮುಖ ಬಿಳಿಚಿಕೊಂಡಿತು. ನಾನು ಚೀಲ ಎತ್ತಿಕೊಂಡು ಮುಂದಿನ ಬಸ್ಸಿಗೆ ಶಿವಮೊಗ್ಗಕ್ಕೆ ಬಂದುಬಿಟ್ಟೆ.

ಎರಡು ದಿನ ಬಿಟ್ಟು ಮೇಸ್ತ್ರಿ ಫೋನ್ ಮಾಡಿದರು. ಯಾವ ಬೋರ್ಡಿನ ಮೇಲಾದರೂ ಒಂದು ಸಣ್ಣ ಚೀಟಿ ಇರುತ್ತದೆ, ಬೋರ್ಡಿನ ನಂಬರು. ಅದೇ ನಂಬರು ಹಳೇ ನಕಲಿನ ಒಳಗೂ ಇರಬೇಕಲ್ಲ ಅಂದರು. ಎರಡನ್ನೂ ತಾಳೆ ನೋಡಿದರೆ ಯಾವುದು ಯಾವುದರದ್ದು ಅಂತ ಖಂಡಿತ ಸಿಗುತ್ತದೆ. ನನಗೆ ಹೊಳೆಯಬೇಕಾದದ್ದು ಅವರಿಗೆ ಹೊಳೆದಿತ್ತು.

"ಬಾಮ್ಮಾ, ಮೂರು ದಿನದ ಕೆಲಸ. ಮತ್ತೆ ಬಿಚ್ಚೋಣ."

"ಹದಿನೆಂಟನ್ನೂ ಮತ್ತೆ ಬಿಚ್ಚೋದಾ? ನನ್ನ ಕೈಲಾಗಲ್ಲ. ಕಿತ್ತೋರೇ ಬಿಚ್ಕೊಳ್ಳಲಿ," ಅಂದೆ.

"ತಪ್ಪು ಆ ಮಗೂದಾ?" ಅಂದರು ಅವರು. ಮೊದಲ ದಿನ ಒಳಗೆ ನಂಬರ್ ಬರಿ ಅಂದಿದ್ದು ನೆನಪಿದೆಯಾ ಅಂತ ಅವರು ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ. ನಾನು ಫೋನ್ ಇಟ್ಟೆ. ಇಪ್ಪತ್ತು ದಿನಕ್ಕಿಂತ ಜಾಸ್ತಿ ಸಮಯ ಕೈಯಲ್ಲಿತ್ತು. ಒಂದು ದಿನವೂ ಹೋಗಲಿಲ್ಲ. ಹಳೇ ನಕಲುಗಳೂ ಕ್ಲಿಪ್ಪೂ ನನ್ನ ಹತ್ತಿರವೇ ಇದ್ದವು, ನಾನು ಹೋಗದೆ ಅವರಿಬ್ಬರಿಗೆ ಏನೂ ಮಾಡಲಾಗುತ್ತಿರಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ನನಗೆ ನಾನೇ ಹೇಳಿಕೊಂಡೆ.

ಅಧಿಕಾರಿ ಬರುವ ದಿನ ಹೆಡ್ಮಾಸ್ತರು ಕರೆದರು ಅಂತ ಹೋದೆ. ಮಕ್ಕಳು ಹದಿನೆಂಟು ಮಿಷನ್ನಿನ ಮುಂದೆ ಕೂತು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದರು, ಒಬ್ಬಳು ನಕ್ಷೆ ಬರೆಯುತ್ತಿದ್ದಳು. ಬಂದವರು ಒಳ್ಳೇ ಮನುಷ್ಯ, ನಾನು ಸುಳ್ಳು ಹೇಳಲಾರೆ. ಮಕ್ಕಳನ್ನು ಮಾತಾಡಿಸಿದರು, ಫೋಟೋ ತೆಗೆದರು, ಚೆನ್ನಾಗಿದೆ ಚೆನ್ನಾಗಿದೆ ಅಂದರು. ಆಮೇಲೆ ಪಟ್ಟಿ ತೆಗೆದು ಮೊದಲ ಮಿಷನ್ ತಿರುಗಿಸಿದರು.

"ಸೀರಿಯಲ್ ನಂಬರ್ ಕಾಣ್ತಿಲ್ವಲ್ಲ. ಇರಲಿ, ಸ್ಕ್ರೀನಲ್ಲೇ ನೋಡೋಣ." ಏನೋ ಒಂದು ಸಾಲು ಟೈಪ್ ಮಾಡಿದರು. ಒಂದು ಎರಡು ಮೂರು ನಾಲ್ಕು ಐದು ಆರು ಏಳು ಎಂಟು ಒಂಬತ್ತು. ಪಕ್ಕದ್ದು ನೋಡಿದರು, ಅದೇ. ಅದರ ಪಕ್ಕದ್ದು, ಅದೇ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅವರ ಮುಖದಲ್ಲಿದ್ದ ನಗು ಇಳಿದಿತ್ತು.

"ಇದೇನ್ ಮೇಡಂ? ಹದಿನೆಂಟಕ್ಕೂ ಒಂದೇ ನಂಬರಾ? ಇವು ನಾವು ಕೊಟ್ಟ ಮಿಷನ್ನೇ ಹೌದಾ? ಒಳಗೆ ಏನಾದ್ರೂ ಮುಟ್ಟಿದೀರಾ?"

ಹೆಡ್ಮಾಸ್ತರು ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಚಿಪ್ಪಿನ ವಿಷಯ ಹೊರಬರುತ್ತದೆ, ಯಾರು ಮಾಡಿದ್ದು ಅಂದರೆ ನನ್ನ ಹೆಸರು ಬರುತ್ತದೆ, ನನ್ನ ಅಂಗಡಿಯ ಹೆಸರು ಕೆಡುತ್ತದೆ ಅನ್ನುವ ಭಯ. ಅದೊಂದೇ ಅಲ್ಲ. ಕಿತ್ತಿದ್ದು ಅವರು, ಅವರೇ ಅನುಭವಿಸಲಿ ಅನ್ನುವ ಒಂದು ಕೆಟ್ಟ ಮೂಲೆ ಇನ್ನೂ ನನ್ನೊಳಗೆ ಇತ್ತು. ಅದನ್ನು ಈಗ ಬರೆಯುವುದಕ್ಕೂ ನಾಚಿಕೆ ಆಗುತ್ತದೆ.

ರೇಣುಕಾ ಮುಂದೆ ಬಂದರು. "ಲಿನಕ್ಸ್ ಹಾಕಿದ್ಮೇಲೆ ಹಂಗೇ ತೋರಿಸ್ತಿದೆ ಸಾರ್, ಅದರ ಬಗ್ಗೆ ನನಗೆ ಜಾಸ್ತಿ ಗೊತ್ತಾಗಲ್ಲ. ನಂಬರ್ ಇದ್ದ ಸ್ಟಿಕ್ಕರ್‌ನ ಆಯುಧ ಪೂಜೆಗೆ ತೊಳೆಯುವಾಗ ನಾನೇ ಕಿತ್ತುಹಾಕ್ದೆ. ತಪ್ಪು ನಂದೇ," ಅಂದರು. ಹದಿನಾಲ್ಕನೆಯದನ್ನು ತನ್ನ ಕೈಯಾರೆ ಬರೆದ ಹೆಂಗಸು, ಗೊತ್ತಾಗಲ್ಲ ಅಂತ ತಲೆ ತಗ್ಗಿಸಿ ನಿಂತಿದ್ದರು.

ಅಧಿಕಾರಿಯ ಮುಖ ಸ್ವಲ್ಪ ಸಡಿಲಾಯಿತು. ಆಯುಧ ಪೂಜೆ ಅಂದರೆ ಅವರಿಗೂ ಗೊತ್ತು. ಮಿಷನ್ನುಗಳು ಇಲ್ಲೇ ಇರಲಿ ಅಂದರು. ಆದರೆ ಗುರುತು ತಾಳೆಯಾಗಿಲ್ಲ, ಜವಾಬ್ದಾರಿ ಶಿಕ್ಷಕಿಯ ನಿರ್ಲಕ್ಷ್ಯ ಅಂತ ಬರೆದುಕೊಂಡು ಹೋದರು. ಸಂಬಳದ ಮಂಜೂರಾತಿ ಬರಲಿಲ್ಲ. ಆಡಳಿತ ಮಂಡಳಿ ಕ್ರಿಸ್‌ಮಸ್ ರಜೆಗೆ ಮುಂಚೆಯೇ ರೇಣುಕಾ ಅವರಿಗೆ ಸಾಕು ಅಂತ ಹೇಳಿತು. ಕಂಪ್ಯೂಟರ್ ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಗೆ ಹಂಚಿದರು.

ಆ ರಜೆಯಲ್ಲಿ ನಾನು ಹೋಗಿ ಹದಿನೆಂಟನ್ನೂ ಬಿಚ್ಚಿದೆ. ಮೇಸ್ತ್ರಿ ಪಕ್ಕದಲ್ಲಿ ಕೂತು ಬೋರ್ಡಿನ ಚೀಟಿ ಓದಿ ಹೇಳುವುದು, ನಾನು ನಕಲಿನಲ್ಲಿ ಹುಡುಕುವುದು. ಅವರು ಒಂದು ಕೊಂಕು ಮಾತೂ ಆಡಲಿಲ್ಲ, ಅದೇ ನನ್ನನ್ನು ಜಾಸ್ತಿ ತಿಂದಿತು. ಸರಿಯಾಗಿ ಮೂರು ದಿನ. ಹದಿನೆಂಟೂ ತಾಳೆಯಾದವು. ಈ ಸಲ ಒಂದೊಂದರ ಒಳಗೂ ಅದರದ್ದೇ ನಂಬರ್ ಬರೆದೆ. ಪಟ್ಟಿ ಮಾಡಿ ಕಂಪನಿಗೆ ಮೇಲ್ ಕಳಿಸಿದೆ. ಒಂದು ಟಿಕೆಟ್ ನಂಬರ್ ಬಂತು. ನಾಲ್ಕು ದಿನಕ್ಕೆ ಟಿಕೆಟ್ ಕ್ಲೋಸ್ ಆಯಿತು.

ಜನವರಿಯಲ್ಲಿ ಆ ಪಟ್ಟಿಯ ಒಂದು ಪ್ರತಿ ಹಿಡಿದುಕೊಂಡು ಆಯನೂರಿಗೆ ಹೋದೆ. ರೇಣುಕಾ ಅಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿ ತುಂಬಿ ಕೊಡುವ ಕೆಲಸಕ್ಕೆ ಸೇರಿದ್ದರು. ನನ್ನನ್ನು ನೋಡಿ ಎದ್ದು ನಿಂತು, ಕೂರಿ ಮೇಡಂ ಅಂತ ಸ್ಟೂಲ್ ಎಳೆದು ಹಾಕಿದರು. ಪಟ್ಟಿ ಕೊಟ್ಟೆ. ಮೇಲಿನಿಂದ ಕೆಳಗೆ ಓದಿದರು.

"ಹದಿನೆಂಟೂ ಸಿಕ್ತಾ?" ಅಂತ ಕಣ್ಣರಳಿಸಿದರು.

"ನೋಡಿ, ನಿಮ್ಮನ್ನ ಅಷ್ಟು ಬೈದೆ. ತಪ್ಪು ನಿಮ್ದಲ್ಲ. ಮೊದಲ ದಿನಾನೇ ಒಳಗೆ ನಂಬರ್ ಬರೆದಿದ್ರೆ ನೀವು ಎಷ್ಟು ತೊಳೆದ್ರೂ ಏನೂ ಆಗ್ತಿರ್ಲಿಲ್ಲ. ಮೇಸ್ತ್ರಿ ಹೇಳಿದ್ರು, ನಾನೇ ಸೋಮಾರಿತನ ಮಾಡ್ದೆ."

"ಗೊತ್ತು ಮೇಡಂ. ಮೇಸ್ತ್ರಿ ನನಗೂ ಹೇಳಿದ್ರು. ಹಬ್ಬ ಆದ ವಾರಾನೇ."

"ಹಂಗಾದ್ರೆ ಆ ಅಧಿಕಾರಿ ಮುಂದೆ ಯಾಕೆ ಹೇಳ್ಲಿಲ್ಲ ಮಾರಾಯ್ರೇ?"

"ಹೇಳಿದ್ರೆ ಚಿಪ್ಪಿಂದೆಲ್ಲ ಹೇಳ್ಬೇಕಾಗ್ತಿತ್ತು. ಹದಿನೆಂಟನ್ನೂ ವ್ಯಾನಿಗೆ ತುಂಬ್ಕೊಂಡು ಹೋಗ್ತಿದ್ರು. ಸ್ಟಿಕ್ಕರ್ ತೊಳೆದ ಪೆದ್ದಿ ಅಂದ್ಕೊಂಡ್ರೆ ನಾನೊಬ್ಳೇ ಹೋಗೋದು, ಮಿಷನ್ ಮಕ್ಕಳಿಗೆ ಉಳಿಯುತ್ತೆ ಅಂತ."

ಯಾರೋ ಬಂದು ಪಹಣಿಯ ಎರಡು ಜೆರಾಕ್ಸ್ ಕೇಳಿದರು. ಮಾಡಿ, ಪಿನ್ ಹೊಡೆದು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಅದೇ ಮೆಲ್ಲನೆಯ ದನಿಯಲ್ಲಿ ಹೇಳಿದರು: "ಮೂರು ದಿನ ಟೈಮ್ ಕೊಡಿ, ಬೋರ್ಡ್ ನಂಬರ್ ತಾಳೆ ನೋಡಿ ಕೊಡ್ತೀನಿ ಅಂತ ನೀವು ಒಂದು ಮಾತು ಅಂದಿದ್ರೆ ಆಗ್ತಿತ್ತು ಮೇಡಂ. ಚಿಪ್ಪಿನ ಸುದ್ದಿ ಎತ್ತದೆ ಅಷ್ಟೇ ಹೇಳ್ಬೋದಿತ್ತು. ನಾನು ಹೇಳಿದ್ರೆ ಅವರು ನಂಬ್ತಿರ್ಲಿಲ್ಲ, ನೀವು ರಿಪೇರಿಯೋರು. ಅಂತೀರೇನೋ ಅಂತ ನಾನು ಬಾಯಿ ಬಿಡೋ ಮುಂಚೆ ಒಂದ್ಸಲ ನಿಮ್ಮ ಕಡೆ ನೋಡ್ದೆ. ನೀವು ಮೇಲೆ ಫ್ಯಾನ್ ನೋಡ್ತಾ ನಿಂತಿದ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಬೈಯುವುದು ಗೊತ್ತು, ಯಾರಾದರೂ ಬೈದರೆ ತಿರುಗಿ ಬೈಯುವುದೂ ಗೊತ್ತು. ಇದು ಬೈಗುಳ ಅಲ್ಲ.

"ಹೌದು ರೇಣುಕಾ," ಅಂದೆ. "ಫ್ಯಾನ್ ನೋಡ್ತಿದ್ದೆ."